‘ಸ್ಟಾಕ್ ಇದೆ’ ಅನ್ನುವ ಮೊದಲು ಅಟ್ಟ ಹತ್ತಿ ನೋಡಿ: ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೆ ಒಂದು ಬಹಿರಂಗ ಪತ್ರ

ಇವರಿಗೆ,
ಮುಖ್ಯ ಆಯುಕ್ತರು,
ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ,
ನವದೆಹಲಿ

ಮಾನ್ಯರೇ,

ನಾನು ಶಿರಸಿ ತಾಲ್ಲೂಕಿನ ಒಂದು ಹಳ್ಳಿಯ ಅಡಿಕೆ ಬೆಳೆಗಾರ. ಪೇಟೆಯಿಂದ ಹದಿನೆಂಟು ಕಿಲೋಮೀಟರ್ ಒಳಗೆ ನಮ್ಮ ಮನೆ. ಇವತ್ತು ನಿಮಗೆ ಬರೆಯುತ್ತಿರುವುದು, ಆನ್‌ಲೈನಲ್ಲಿ ‘ಸ್ಟಾಕ್ ಇದೆ’ ಅಂತ ಹಣ ಪಡೆದು ಆಮೇಲೆ ಇಲ್ಲ ಅಂದ 640 ರೂಪಾಯಿಯ ಒಂದು ಸಾಮಾನಿನ ಬಗ್ಗೆ. ಆ 640 ರೂಪಾಯಿ ನನಗೆ ವಾಪಸ್ ಬಂದಿದೆ. ಆದರೂ ಬರೆಯುತ್ತಿದ್ದೇನೆ. ಹಣ ವಾಪಸ್ ಬಂತು ಅಂದ ಕೂಡಲೇ ವಿಷಯ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮುಗಿದಿಲ್ಲ. ಕನ್ನಡದಲ್ಲೇ ಬರೆಯುತ್ತಿದ್ದೇನೆ, ನಮ್ಮ ಜಿಲ್ಲೆಯವರೂ ಓದಲಿ ಅಂತ.

ನಮ್ಮಲ್ಲಿ ಜೂನ್ ಅಂದರೆ ಕೊಳೆ ಔಷಧಿಯ ಕಾಲ. ಮಳೆ ಹಿಡಿದ ಮೇಲೆ ಅಡಿಕೆ ಕೊನೆಗೆ, ಅಂದರೆ ಗೊಂಚಲಿಗೆ, ಕೊಳೆ ರೋಗ ಬರುತ್ತದೆ. ಅದು ಬರುವ ಮೊದಲೇ ಬೋರ್ಡೋ ದ್ರಾವಣ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಕತ್ತಿಯ ಅಲಗು ಅದ್ದಿ ತೆಗೆದರೆ ಅದರ ಮೇಲೆ ಕೆಂಪು ಹತ್ತಬಾರದು. ಹತ್ತಿತು ಅಂದರೆ ಸುಣ್ಣ ಸಾಲದು ಅಂತ ಅರ್ಥ. ಹಾಗೆ ಹದ ಮಾಡಿದ ದ್ರಾವಣವನ್ನು ಅವತ್ತೇ ಹೊಡೆದು ಮುಗಿಸಬೇಕು. ನಾಳೆಗೆ ಇಟ್ಟರೆ ಅದಕ್ಕೆ ಬಲ ಇಲ್ಲ. ಮೊದಲ ಸಲ ಹೊಡೆದು ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ.

ಇದಕ್ಕೆಲ್ಲ ಮಳೆ ಹೊಳವಾಗಬೇಕು, ಅಂದರೆ ಬಿಡುವು ಕೊಡಬೇಕು. ಎರಡು ದಿನ ಹೊಳವು ಸಿಕ್ಕರೆ ಅದೇ ದೊಡ್ಡದು. ಆ ಎರಡು ದಿನಕ್ಕೆ ಸರಿಯಾಗಿ ಕೊನೆಗೌಡ ಸಿಗಬೇಕು. ಮರ ಹತ್ತುವ ಕೊನೆಗೌಡರು ಈಗ ಊರಿಗೆ ಒಬ್ಬರೋ ಇಬ್ಬರೋ. ಇಡೀ ಊರಿನ ತೋಟ ಅವರ ಹೆಗಲ ಮೇಲೆ. ಒಬ್ಬರ ಮನೆಯ ದಿನ ತಪ್ಪಿತು ಅಂದರೆ ಮತ್ತೆ ಸರದಿ ಬರುವುದು ಎಂದೋ.

ಕಳೆದ ವರ್ಷ ಜೂನ್ ಎರಡನೇ ವಾರ ನನಗೆ ಅಂಥ ಎರಡು ದಿನ ಸಿಕ್ಕಿತ್ತು. ಅರ್ಧ ತೋಟ ಹೊಡೆದು ಮುಗಿದಿತ್ತು. ಡ್ರಮ್ಮಿನಲ್ಲಿ ಇನ್ನೂರು ಲೀಟರ್ ದ್ರಾವಣ ತಯಾರಿತ್ತು. ಮರದ ಮೇಲಿಂದ ಕೊನೆಗೌಡ ಕೂಗಿದ, “ಹೆಗಡೇರೆ, ಔಷಧಿ ಮೇಲೆ ಬರ್ತಿಲ್ಲ.” ಪಂಪಿನ ಹತ್ತಿರ ಹೋಗಿ ನೋಡಿದರೆ ಬುಡದಿಂದ ನೀಲಿ ನೀರು ಸೋರುತ್ತಿತ್ತು. ಪಿಸ್ಟನ್ನಿನ ಸೀಲ್ ಹೋಗಿತ್ತು. ಮೈಲುತುತ್ತ ಓಡಾಡುವ ಪಂಪಿಗೆ ಅದು ಬರುವ ಕಾಯಿಲೆಯೇ. ಇನ್ನೂರು ಲೀಟರನ್ನೂ ಹಾಗೇ ಚೆಲ್ಲಬೇಕಾಯಿತು.

ಶಿರಸಿ ಪೇಟೆಗೆ ಓಡಿದೆ. ನಾವು ಯಾವಾಗಲೂ ಹೋಗುವ ಅಂಗಡಿ. ಪಂಪಿನ ಮಾಡೆಲ್ ಹೇಳಿದೆ. ಅವರು, “ಒಂದ್ನಿಮಿಷ ಇರಿ, ನೋಡ್ಕೊಂಡು ಬರ್ತೇನೆ” ಅಂತ ಹೇಳಿ ಏಣಿ ಇಟ್ಟು ಅಟ್ಟ ಹತ್ತಿದರು. ಎರಡು ಡಬ್ಬ ಇಳಿಸಿ ಹುಡುಕಿದರು. ಆಮೇಲೆ ಕೈ ಒರೆಸಿಕೊಳ್ಳುತ್ತಾ, “ಇಲ್ಲ. ಹುಬ್ಬಳ್ಳಿಯಿಂದ ತರಿಸಬೇಕು. ನಾಲ್ಕು ದಿನ ಆಗ್ತದೆ. ಹೇಳಲಾ?” ಅಂದರು.

ಅಂಗಡಿಯ ಮೆಟ್ಟಿಲ ಮೇಲೆ ನಿಂತುಕೊಂಡೇ ಮೊಬೈಲ್ ತೆಗೆದೆ. ಒಂದು ಆನ್‌ಲೈನ್ ಮಾರಾಟದ ಜಾಲತಾಣದಲ್ಲಿ ಅದೇ ಪಂಪು ಕಂಪನಿಯ ಅದೇ ಸೀಲ್ ಸೆಟ್ ಸಿಕ್ಕಿತು. ಹಸಿರು ಅಕ್ಷರದಲ್ಲಿ ‘ಸ್ಟಾಕ್‌ನಲ್ಲಿದೆ’. ಅದರ ಕೆಳಗೆ ಕೆಂಪು ಅಕ್ಷರದಲ್ಲಿ ‘ಎರಡೇ ಉಳಿದಿವೆ, ಬೇಗ ಕೊಳ್ಳಿ’. ಪಿನ್‌ಕೋಡ್ 581401 ಹಾಕಿದೆ. ಮೂರು ದಿನದಲ್ಲಿ ತಲುಪುತ್ತದೆ ಅಂತ ಬಂತು. ನಾಲ್ಕಕ್ಕಿಂತ ಮೂರು ಕಡಿಮೆ ಅಲ್ವಾ? ಅಂಗಡಿಯವರಿಗೆ ಬೇಡ ಅಂದೆ. ಅಲ್ಲೇ 640 ರೂಪಾಯಿ ಕಟ್ಟಿದೆ. ಆರ್ಡರ್ ಖಚಿತವಾಗಿದೆ ಅಂತ ಮೆಸೇಜೂ ಬಂತು.

ಮೂರನೇ ದಿನ ‘ಪ್ಯಾಕ್ ಆಗುತ್ತಿದೆ’. ನಾಲ್ಕನೇ ದಿನವೂ ಅದೇ. ಐದನೇ ದಿನವೂ ಅದೇ. ಆರನೇ ದಿನ ರಾತ್ರಿ ಒಂಬತ್ತಕ್ಕೆ ಒಂದು ಸಾಲು ಬಂತು: ಮಾರಾಟಗಾರರ ಬಳಿ ದಾಸ್ತಾನು ಇಲ್ಲದ ಕಾರಣ ನಿಮ್ಮ ಆರ್ಡರ್ ರದ್ದಾಗಿದೆ, ಹಣ ಮರಳಿಸಲಾಗುವುದು.

ಮರುದಿನ ಬೆಳಗ್ಗೆ ಅದೇ ಪುಟ ತೆಗೆದು ನೋಡಿದೆ. ಹಸಿರು ಅಕ್ಷರ ಹಾಗೇ ಇತ್ತು. ಅದರ ಕೆಳಗೆ, ಎರಡೇ ಉಳಿದಿವೆ.

ಕೊನೆಗೆ ಶಿರಸಿಯ ಅಂಗಡಿಯವರೇ ಹುಬ್ಬಳ್ಳಿಯಿಂದ ತರಿಸಿಕೊಟ್ಟರು. ಅವರು ನಾಲ್ಕು ದಿನ ಅಂದಿದ್ದರು, ನಾಲ್ಕೇ ದಿನಕ್ಕೆ ಬಂತು. ಅಷ್ಟರಲ್ಲಿ ಕೊನೆಗೌಡ ಪಕ್ಕದ ಊರಿಗೆ ಹೋಗಿಯಾಗಿತ್ತು. ಮಳೆಯೂ ಜಡಿದು ಹಿಡಿದಿತ್ತು. ಔಷಧಿ ಬೀಳದ ಅರ್ಧ ತೋಟದಲ್ಲಿ ಜುಲೈಗೆ ಎಳೆ ಅಡಿಕೆ ಉದುರಲು ಶುರುವಾಯಿತು. ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಪ್ಪು ಹಸಿರು ಮಚ್ಚೆ, ಅದರ ಮೇಲೆ ಬಿಳಿ ಬೂಸು. ಬುಟ್ಟಿಗಟ್ಟಲೆ ಹೆಕ್ಕಿ ತೋಟದಿಂದ ಹೊರಗೆ ಹಾಕಿದೆವು. ಕೊಳೆಗೆ ಆ ಮಾರಾಟಗಾರನೇ ಕಾರಣ ಅಂತ ನಾನು ಹೇಳುವುದಿಲ್ಲ. ಆ ವರ್ಷ ಮಳೆ ಜೋರಿತ್ತು, ಔಷಧಿ ಹೊಡೆದ ಭಾಗದಲ್ಲೂ ಸ್ವಲ್ಪ ಬಿತ್ತು. ಆದರೆ ಆ ಆರು ದಿನ ನನ್ನ ಕೈಯಿಂದ ಹೋಗಿದ್ದು ಒಂದು ಸುಳ್ಳು ‘ಇದೆ’ಯಿಂದ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ಜಾಲತಾಣದ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದೆ. ಉತ್ತರ ಬಂತು, ಮರ್ಯಾದೆಯಿಂದಲೇ ಬಂತು. ‘ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಹಣ ಪೂರ್ತಿ ಮರಳಿಸಲಾಗಿದೆ. ದೂರನ್ನು ಮುಕ್ತಾಯಗೊಳಿಸುತ್ತಿದ್ದೇವೆ.’ ನಾನು ಕೇಳಿದ್ದು ಹಣ ಅಲ್ಲ. ಇಲ್ಲದ ಸಾಮಾನನ್ನು ಇದೆ ಅಂತ ಯಾಕೆ ಹೇಳಿದಿರಿ, ರದ್ದು ಮಾಡಿದ ಮೇಲೂ ಯಾಕೆ ಹಾಗೇ ಬಿಟ್ಟಿದ್ದೀರಿ ಅಂತ ಕೇಳಿದ್ದೆ. ಅದಕ್ಕೆ ಉತ್ತರ ಇರಲಿಲ್ಲ.

ಇದು ನನ್ನೊಬ್ಬನ ಕಥೆಯಾಗಿದ್ದರೆ ಸುಮ್ನೆ ಇದ್ದುಬಿಡುತ್ತಿದ್ದೆ. ಅಂಕೋಲೆಯಲ್ಲಿ ನನ್ನ ತಂಗಿ ಇದ್ದಾಳೆ. ಮಗಳು ಕಾಲೇಜಿಗೆ ಸೇರಿದಾಗ ಲ್ಯಾಪ್‌ಟಾಪ್ ಬೇಕಾಯಿತು. ಒಂದು ದೊಡ್ಡ ಮಳಿಗೆಯ ವೆಬ್‌ಸೈಟ್ ನೋಡಿದರು. ಬೇಕಾದ ಮಾಡೆಲ್ ‘ಹುಬ್ಬಳ್ಳಿ ಮಳಿಗೆಯಲ್ಲಿ ಲಭ್ಯ’ ಅಂತಿತ್ತು. ತಾಯಿ ಮಗಳು ಬೆಳಗ್ಗೆ ಬಸ್ಸು ಹತ್ತಿ, ಅರಬೈಲು ಘಟ್ಟ ಹತ್ತಿ, ಯಲ್ಲಾಪುರ ದಾಟಿ ಹುಬ್ಬಳ್ಳಿ ಮುಟ್ಟಿದರು. ಮಳಿಗೆಯ ಹುಡುಗ ಕಂಪ್ಯೂಟರ್ ನೋಡಿ, “ಒಂದು ಪೀಸ್ ತೋರಿಸ್ತಿದೆ ಮೇಡಂ” ಅಂದ. ಒಳಗೆ ಹೋಗಿ ಬಂದ. ಆಮೇಲೆ ಮೇಜಿನ ಮೇಲೆ ಸರಪಳಿ ಹಾಕಿ ಇಟ್ಟಿದ್ದ ಒಂದನ್ನು ತೋರಿಸಿ, “ಅದು ಇದೇ ಅನ್ಸುತ್ತೆ, ಡಿಸ್‌ಪ್ಲೇಗೆ ಇಟ್ಟಿದ್ದು. ಇದನ್ನ ಕೊಡೋಕೆ ಬರಲ್ಲ” ಅಂದ. ಎಲ್ಲರೂ ಮುಟ್ಟಿ ಒತ್ತಿ ನೋಡಲು ಇಟ್ಟ ಡಬ್ಬಿಯೂ ಅವರ ಲೆಕ್ಕದಲ್ಲಿ ಸ್ಟಾಕ್. ಆಮೇಲೆ ಎಂಟು ಸಾವಿರ ಜಾಸ್ತಿಯ ಇನ್ನೊಂದನ್ನು ತೋರಿಸಿದರು. ತಂಗಿ ಅದನ್ನೇ ಕೊಂಡು ಬಂದಳು. ಮತ್ತೊಮ್ಮೆ ಘಟ್ಟ ಹತ್ತಿ ಬರುವ ಶಕ್ತಿ ಇರಲಿಲ್ಲ, ಅದಕ್ಕೇ ಕೊಂಡೆ ಅಂತ ಅವಳೇ ಹೇಳಿದಳು.

ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟು ಇಟ್ಟಿರುವ ಸ್ನೇಹಿತನೊಬ್ಬನದೂ ಹೀಗೇ ಆಗಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟಿನ ರಿಪೇರಿಯೆಲ್ಲ ಆ ಎರಡು ತಿಂಗಳಲ್ಲೇ ಮುಗಿಯಬೇಕು. ಎಂಜಿನ್ನಿನ ಒಂದು ಬಿಡಿಭಾಗ ಆನ್‌ಲೈನಲ್ಲಿ ಇದೆ ಅಂತ ಜುಲೈ 20ಕ್ಕೆ ದುಡ್ಡು ಕಟ್ಟಿದ. 30ಕ್ಕೆ ರದ್ದು. ಉಳಿದವರೆಲ್ಲ ಆಗಸ್ಟ್ 1ಕ್ಕೆ ಕಡಲಿಗೆ ಇಳಿದರು. ಇವನ ಬೋಟು ದಕ್ಕೆಯಲ್ಲೇ ಕಟ್ಟಿಕೊಂಡಿತ್ತು.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ತಡವಾಗುವುದರ ಬಗ್ಗೆ ನಮ್ಮ ದೂರಿಲ್ಲ. ನಮ್ಮ ಜಿಲ್ಲೆಯವರಿಗೆ ದಾರಿಯ ಕಷ್ಟ ಗೊತ್ತು. 2024ರ ಜುಲೈ 16ರಂದು ಅಂಕೋಲೆ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಎಷ್ಟೋ ದಿನ ಬಂದಾಯಿತು. ಆ ಮುಂದಿನ ತಿಂಗಳೇ ಕಾರವಾರದ ಕಾಳಿ ಹಳೆ ಸೇತುವೆ ಬಿತ್ತು. ಆಗ ಪಾರ್ಸೆಲ್ ಬರಲಿಲ್ಲ ಅಂತ ಯಾರೂ ಗಲಾಟೆ ಮಾಡಲಿಲ್ಲ. ಎಷ್ಟೋ ಸಲ ಕೊರಿಯರ್‌ನವರು ಶಿರಸಿಯಿಂದಲೇ ಫೋನ್ ಮಾಡಿ, “ಬಂದು ತಗೊಂಡು ಹೋಗಿ” ಅನ್ನುತ್ತಾರೆ. ಹೋಗಿ ತರುತ್ತೇವೆ. ಹೊರಟ ಸಾಮಾನು ದಾರಿಯಲ್ಲಿ ಸಿಕ್ಕಿಬಿದ್ದರೆ ಅದು ದೇವರ ಕೈಲಿದ್ದದ್ದು. ಹೊರಡಲು ಸಾಮಾನೇ ಇರಲಿಲ್ಲ ಅಂದರೆ ಅದು ಮನುಷ್ಯ ಹೇಳಿದ ಸುಳ್ಳು.

ಯಾಕೆ ಹೀಗಾಗುತ್ತದೆ ಅಂತ ಅಕ್ಕನ ಮಗನನ್ನು ಕೇಳಿದೆ. ಅವನು ಬೆಂಗಳೂರಿನಲ್ಲಿ ಇಂಥ ಒಂದು ಗೋದಾಮಿನಲ್ಲಿ ಕೆಲಸ ಮಾಡಿದವನು. ಪರದೆ ಮೇಲೆ ಕಾಣುವ ಸಂಖ್ಯೆ ಯಾರೋ ಎಣಿಸಿ ಹಾಕಿದ್ದಲ್ಲ ಮಾವ, ಕಂಪ್ಯೂಟರಿನ ಲೆಕ್ಕ ಅಷ್ಟೇ ಅಂದ. ಒಬ್ಬ ಮಾರಾಟಗಾರ ಒಂದೇ ಸಾಮಾನನ್ನು ಮೂರ್ನಾಲ್ಕು ಕಡೆ ಹಾಕಿರುತ್ತಾನೆ. ಅವನ ಸ್ವಂತ ಅಂಗಡಿಯ ಗಲ್ಲಾದಲ್ಲೂ ಅದನ್ನೇ ಮಾರುತ್ತಾನೆ. ಒಂದು ಕಡೆ ಮಾರಿಹೋದದ್ದು ಉಳಿದ ಕಡೆಗೆ ಕೂಡಲೇ ಗೊತ್ತಾಗುವುದಿಲ್ಲ. ಕೆಲವರು ದಿನಕ್ಕೊಮ್ಮೆ ಲೆಕ್ಕ ಸರಿ ಮಾಡುತ್ತಾರೆ, ಕೆಲವರು ಅದನ್ನೂ ಮಾಡುವುದಿಲ್ಲ. ವಾಪಸ್ ಬಂದ ಸಾಮಾನು ಒಡೆದಿದ್ದರೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಇನ್ನು ಕೆಲವರ ಹತ್ತಿರ ಸಾಮಾನು ಇರುವುದೇ ಇಲ್ಲ. ನಮ್ಮ ಆರ್ಡರ್ ಬಂದ ಮೇಲೆ ಸಗಟು ವ್ಯಾಪಾರಿಯನ್ನು ಕೇಳುತ್ತಾರೆ. ಸಿಕ್ಕರೆ ಕಳಿಸುತ್ತಾರೆ, ಸಿಗದಿದ್ದರೆ ರದ್ದು.

‘ಸ್ಟಾಕ್ ಇಲ್ಲ ಅಂತ ಹಾಕಿಬಿಟ್ಟರೆ ಆಗದಾ?’ ಅಂದೆ. ಹಾಗೆ ಹಾಕಿದರೆ ಹುಡುಕಿದಾಗ ತಮ್ಮ ಪುಟ ಕೆಳಗೆ ಹೋಗುತ್ತದೆ ಅನ್ನುವ ಭಯ ಅವರಿಗೆ ಅಂದ. ಪದೇ ಪದೇ ರದ್ದು ಮಾಡುವ ಮಾರಾಟಗಾರನಿಗೆ ಜಾಲತಾಣದವರು ಶಿಕ್ಷೆ ಕೊಡುವುದೂ ಉಂಟಂತೆ. ಇರಬಹುದು. ಆದರೆ ಆ ಶಿಕ್ಷೆ ಅವರಿಬ್ಬರ ನಡುವೆ ಮುಗಿಯುತ್ತದೆ. ಕಾದು ಕೂತವನಿಗೆ ಏನು ಬಂತು?

ನಾವೂ ವ್ಯಾಪಾರ ಮಾಡುವವರೇ. ಶಿರಸಿಯಲ್ಲಿ ತೋಟಗಾರರ ಸಹಕಾರಿ ಸಂಘ ಹುಟ್ಟಿದ್ದು 1923ರಲ್ಲಿ. ಅಲ್ಲಿಂದ ಇಲ್ಲಿವರೆಗೆ ನಮ್ಮ ಅಡಿಕೆ ಮಾರಾಟವಾಗುವುದು ಕಣ್ಣೆದುರಿಗೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಅಡಿಕೆಯ ಬಗೆಗಳನ್ನು ಬೇರೆ ಬೇರೆ ಮಾಡಿ ಇಡುತ್ತಾರೆ. ವ್ಯಾಪಾರಿ ಬಂದು ಮುಷ್ಟಿಯಲ್ಲಿ ಹಿಡಿದು, ಒಂದೆರಡು ಒಡೆದು ನೋಡಿ ದರ ಬರೆಯುತ್ತಾನೆ. ನನ್ನ ಹತ್ತಿರ ಹತ್ತು ಕ್ವಿಂಟಲ್ ರಾಶಿ ಇದೆ ಅಂತ ಹೇಳಿ ದುಡ್ಡು ಈಸಿಕೊಂಡು, ವಾರ ಬಿಟ್ಟು ‘ಇಲ್ಲ, ನಿಮ್ಮ ದುಡ್ಡು ತಗೊಳ್ಳಿ’ ಅಂದರೆ ಊರಲ್ಲಿ ನನ್ನನ್ನು ಏನೆಂದು ಕರೆಯುತ್ತಾರೆ? ಮತ್ತೆ ನನ್ನ ಹತ್ತಿರ ಯಾರು ವ್ಯಾಪಾರಕ್ಕೆ ಬರುತ್ತಾರೆ? ಅದೇ ಕೆಲಸ ಮೊಬೈಲಿನ ಒಳಗೆ ನಡೆದರೆ ಅದಕ್ಕೆ ‘ತಾಂತ್ರಿಕ ವ್ಯತ್ಯಾಸ’ ಅಂತ ಹೆಸರು.

ಮಾನ್ಯರೇ, ಇದಕ್ಕೆಲ್ಲ ನಿಯಮವೇ ಇಲ್ಲ ಅಂತ ನಾನು ತಿಳಿದಿದ್ದೆ. ಓದಿ ನೋಡಿದರೆ ನಿಯಮ ಇದೆ. 2022ರ ಜೂನ್‌ನಲ್ಲಿ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ನೀವೇ ಮಾರ್ಗಸೂಚಿ ಹೊರಡಿಸಿದ್ದೀರಿ. ಹೇಳಿದ ಬೆಲೆಗೆ ಮಾರುವ ನಿಜವಾದ ಸಾಧ್ಯತೆ ಇಲ್ಲದೆ ಆಸೆ ತೋರಿಸಬಾರದು, ಬೇಡಿಕೆಗೆ ತಕ್ಕಷ್ಟು ಮಾಲು ಇರಬೇಕು, ಕಡಿಮೆ ಇದ್ದರೆ ಕಡಿಮೆ ಇದೆ ಅಂತ ಮೊದಲೇ ಹೇಳಬೇಕು ಅಂತ ಅದರಲ್ಲಿದೆ. 2023ರ ನವೆಂಬರ್ 30ರ ಇನ್ನೊಂದು ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ಸಿಕ್ಕಿಸುವ 13 ಬಗೆಯ ತಂತ್ರಗಳನ್ನು ಹೆಸರಿಸಿದ್ದೀರಿ. ಕೆಲವೇ ಉಳಿದಿವೆ ಅಂತ ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲಿ ಒಂದು. ಕಡಿಮೆ ಬೆಲೆಯದನ್ನು ತೋರಿಸಿ, ಕೊಳ್ಳಲು ಹೋದಾಗ ಅದು ಇಲ್ಲ ಅಂತ ಹೇಳಿ ದುಬಾರಿಯದನ್ನು ಮುಂದಿಡುವುದು ಇನ್ನೊಂದು. ತಂಗಿಗೆ ಹುಬ್ಬಳ್ಳಿಯಲ್ಲಿ ಆದದ್ದನ್ನು ಯಾರೋ ನೋಡಿ ಬರೆದ ಹಾಗಿದೆ. 2025ರ ಜೂನ್‌ನಲ್ಲಿ ಇಂಥ ತಂತ್ರಗಳು ತಮ್ಮಲ್ಲಿ ಇವೆಯೇ ಅಂತ ಮೂರು ತಿಂಗಳೊಳಗೆ ತಾವೇ ತಪಾಸಣೆ ಮಾಡಿಕೊಳ್ಳಿ ಅಂತ ಆನ್‌ಲೈನ್ ಕಂಪನಿಗಳಿಗೆ ಸೂಚನೆಯನ್ನೂ ಕೊಟ್ಟಿದ್ದೀರಿ. ಇದಕ್ಕೆ ನಿಮಗೆ ಧನ್ಯವಾದ ಹೇಳಲೇಬೇಕು.

ಆದರೂ ನನ್ನ ಸೀಲ್ ಸೆಟ್ ಇವೆಲ್ಲದರ ಸಂದಿಯಲ್ಲಿ ಜಾರಿಹೋಗುತ್ತದೆ. ಬೇಕಂತಲೇ ಸುಳ್ಳು ಹೇಳಿದರೆ ಅದು ತಪ್ಪು, ಸರಿ. ಮೂರು ವಾರದ ಹಿಂದಿನ ಲೆಕ್ಕವನ್ನು ಇವತ್ತಿನದು ಅಂತ ತೋರಿಸಿದರೆ? ನಾವು ಸುಳ್ಳು ಹೇಳಿಲ್ಲ, ನಮ್ಮ ಸಿಸ್ಟಮ್ ಹಾಗೆ ತೋರಿಸಿತು ಅಂತ ಕೈ ತೊಳೆದುಕೊಳ್ಳುತ್ತಾರೆ. ನೋಡದೆ ‘ಇದೆ’ ಅನ್ನುವುದೂ ತಪ್ಪು ಅಂತ ನೇರವಾಗಿ ಹೇಳುವ ಒಂದು ಸಾಲು ಬೇಕು.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿದ್ದು. 2020ರ ಇ-ವಾಣಿಜ್ಯ ನಿಯಮದಲ್ಲಿ ರದ್ದತಿ ಶುಲ್ಕದ ಬಗ್ಗೆ ಒಂದು ಮಾತಿದೆ. ಕಂಪನಿ ತಾನಾಗಿ ರದ್ದು ಮಾಡಿದಾಗ ಅಷ್ಟೇ ಶುಲ್ಕವನ್ನು ತಾನೂ ಕೊಡದಿದ್ದರೆ, ಗ್ರಾಹಕ ರದ್ದು ಮಾಡಿದಾಗಲೂ ಶುಲ್ಕ ಹಾಕುವಂತಿಲ್ಲ. ನೋಡಲು ನ್ಯಾಯವಾಗಿಯೇ ಇದೆ. ಆದರೆ ನನ್ನಿಂದ ಶುಲ್ಕ ತೆಗೆದುಕೊಳ್ಳದ ಕಂಪನಿ ಎಷ್ಟು ಸಲ ಬೇಕಾದರೂ ರದ್ದು ಮಾಡಬಹುದು, ಒಂದು ಪೈಸೆ ಕೊಡಬೇಕಾಗಿಲ್ಲ ಅಂತಲೇ ಆಯಿತಲ್ಲ? ನಾನು ರದ್ದು ಮಾಡಿದರೆ ಅವರ ಕಪಾಟಿನಲ್ಲಿ ಸಾಮಾನು ಹಾಗೇ ಇರುತ್ತದೆ, ಇನ್ನೊಬ್ಬರಿಗೆ ಮಾರುತ್ತಾರೆ. ಅವರು ಆರನೇ ದಿನ ರದ್ದು ಮಾಡಿದರೆ ನನ್ನ ಹೊಳವಿನ ದಿನ ವಾಪಸ್ ಬರುವುದಿಲ್ಲ. ಎರಡೂ ಒಂದೇ ಅಲ್ಲ.

ದೂರು ಕೊಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೌದು, ಗ್ರಾಹಕರಿಗೆ 1915 ನಂಬರಿನ ಸಹಾಯವಾಣಿ ಇದೆ. ಕಾರವಾರದಲ್ಲಿ ನಮ್ಮ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. ನಾವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು, ಮನೆಯಿಂದ ಆನ್‌ಲೈನಲ್ಲೂ ಕೊಡಬಹುದು. ಓದುಗರಿಗೂ ಇದು ತಿಳಿದಿರಲಿ. ಆದರೆ 640 ರೂಪಾಯಿಯ, ಅದೂ ವಾಪಸ್ ಬಂದ ಹಣದ ಬಗ್ಗೆ ಯಾವ ರೈತ ಕೇಸು ಹಾಕುತ್ತಾನೆ? ಒಬ್ಬೊಬ್ಬರ ನಷ್ಟ ಚಿಕ್ಕದು, ಎಲ್ಲರದೂ ಸೇರಿದರೆ ದೊಡ್ಡದು. ಹೀಗೆ ಒಬ್ಬೊಬ್ಬರೇ ಹೋರಾಡಲಾಗದ ವಿಷಯಕ್ಕೆ, ಗ್ರಾಹಕರನ್ನು ಒಟ್ಟಾಗಿ ಕಾಯಲು ಅಂತಲೇ 2019ರ ಕಾಯ್ದೆ ನಿಮ್ಮ ಪ್ರಾಧಿಕಾರವನ್ನು ಮಾಡಿದ್ದು. ಅದಕ್ಕೇ ಈ ಪತ್ರ ನಿಮಗೆ.

ನಾನು ಕೇಳುವುದು ದೊಡ್ಡದೇನಲ್ಲ. ‘ಸ್ಟಾಕ್ ಇದೆ’ ಅನ್ನುವ ಮಾತಿನ ಪಕ್ಕದಲ್ಲಿ ಅದನ್ನು ಕೊನೆಗೆ ಸರಿ ನೋಡಿದ್ದು ಯಾವಾಗ ಅಂತ ದಿನಾಂಕ, ಹೊತ್ತು ಹಾಕಲಿ. ಇವತ್ತು ಬೆಳಗ್ಗೆ ಅಂತಿದ್ದರೆ ನಾನು ದುಡ್ಡು ಕಟ್ಟುತ್ತೇನೆ. ಇಪ್ಪತ್ತು ದಿನದ ಹಿಂದೆ ಅಂತಿದ್ದರೆ ಹುಬ್ಬಳ್ಳಿಯಿಂದ ತರಿಸಿ ಅಂತ ಅಂಗಡಿಯವರಿಗೇ ಹೇಳುತ್ತೇನೆ. ಮಾರಾಟಗಾರನ ಹತ್ತಿರ ಸಾಮಾನು ಇಲ್ಲದೆ, ಬೇರೆಯವರಿಂದ ತರಿಸಿಕೊಡುವುದಾದರೆ ಹಾಗಂತಲೇ ಬರೆಯಲಿ. ತರಿಸಿಕೊಡುವುದು ತಪ್ಪಲ್ಲ, ನಮ್ಮ ಶಿರಸಿ ಅಂಗಡಿಯವರು ಮಾಡಿದ್ದೂ ಅದನ್ನೇ. ಅವರು ಅದನ್ನು ಮುಖಕ್ಕೆ ಹೇಳಿ ಮಾಡಿದರು. ದುಡ್ಡು ಕಟ್ಟಿ 24 ಗಂಟೆಯೊಳಗೆ ಯಾರಾದರೂ ಒಬ್ಬರು ಕಪಾಟಿನ ಹತ್ತಿರ ಹೋಗಿ ನೋಡಿ, ಇದೆಯೋ ಇಲ್ಲವೋ ತಿಳಿಸಲಿ. ಮೊದಲ ದಿನವೇ ‘ಇಲ್ಲ’ ಅಂದಿದ್ದರೆ ನನಗೆ ಐದು ದಿನ ಉಳಿಯುತ್ತಿತ್ತು. ಅದಕ್ಕಿಂತ ತಡವಾಗಿ, ಸ್ಟಾಕ್ ಇಲ್ಲ ಅನ್ನುವ ಕಾರಣಕ್ಕೇ ರದ್ದು ಮಾಡಿದರೆ ಹಣದ ಜೊತೆಗೆ ಸ್ವಲ್ಪವಾದರೂ ಪರಿಹಾರ ಕೊಡಲಿ. ಕೈಯಿಂದ ದುಡ್ಡು ಹೋಗುತ್ತದೆ ಅಂದರೆ ಅಟ್ಟ ಹತ್ತಿ ನೋಡುವ ಅಭ್ಯಾಸ ತಾನಾಗಿ ಬರುತ್ತದೆ. ರದ್ದು ಮಾಡಿದ ಗಳಿಗೆಯಿಂದ ಆ ಹಸಿರು ಅಕ್ಷರವಂತೂ ಹೋಗಲೇಬೇಕು.

ಇವು ಕಷ್ಟ ಅಂತ ಕಂಪನಿಗಳು ಹೇಳಬಹುದು. ನನ್ನ ಪಾರ್ಸೆಲ್ ಯಾವ ಊರಿನ ಯಾವ ಗೋದಾಮಿನಲ್ಲಿದೆ ಅಂತ ನಿಮಿಷ ನಿಮಿಷಕ್ಕೂ ತೋರಿಸಲು ಬಲ್ಲವರು ಅವರು. ನಾನು ಏನು ಹುಡುಕಿದೆ ಅಂತ ನೆನಪಿಟ್ಟು, ತಿಂಗಳುಗಟ್ಟಲೆ ಅದರದ್ದೇ ಜಾಹೀರಾತು ತೋರಿಸಲು ಬಲ್ಲವರು. ಅಂಥವರಿಗೆ ಕಪಾಟಿನಲ್ಲಿ ಸಾಮಾನು ಇದೆಯೇ ಅಂತ ನೋಡುವುದು ಆಗದ ಕೆಲಸ ಅಂದರೆ ನಂಬಲು ನನಗೆ ಮನಸ್ಸಾಗುತ್ತಿಲ್ಲ.

ಪಟ್ಟಣದವರಿಗೆ ಇದು ಇಷ್ಟು ದೊಡ್ಡ ವಿಷಯ ಅನ್ನಿಸದಿರಬಹುದು. ಒಂದು ಕಡೆ ಇಲ್ಲದಿದ್ದರೆ ಎದುರಿನ ಅಂಗಡಿಯಲ್ಲಿ ಸಿಗುತ್ತದೆ. ನಮಗೆ ಎದುರಿನ ಅಂಗಡಿ ಅಂದರೆ ಹುಬ್ಬಳ್ಳಿ, ಇಲ್ಲವೇ ಮಂಗಳೂರು. ಆನ್‌ಲೈನ್ ವ್ಯಾಪಾರ ನಿಜವಾಗಿ ಬೇಕಾಗಿರುವುದು ನಮ್ಮಂಥ ಊರಿನವರಿಗೇ. ನಾನು ಅದರ ವಿರೋಧಿಯಲ್ಲ. ನಮ್ಮ ಮನೆಯ ಸೋಲಾರ್ ದೀಪ, ಅಮ್ಮನ ಬಿಪಿ ನೋಡುವ ಯಂತ್ರ, ಮಗನ ಪುಸ್ತಕ ಎಲ್ಲ ಹಾಗೇ ಬಂದದ್ದು. ಬರುತ್ತದೆ ಅಂತ ನಂಬಿ ದಿನ ಎಣಿಸುವವರು ನಾವೇ ಆದ್ದರಿಂದ ಮಾತು ತಪ್ಪಿದಾಗ ಪೆಟ್ಟು ಬೀಳುವುದೂ ನಮಗೇ ಜಾಸ್ತಿ.

ಹಾಗಾಗಿ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ಸಾಮಾನು ಕೈಯಲ್ಲಿ ಇದೆಯೇ ಇಲ್ಲವೇ ಅಂತ ನೋಡದೆ ‘ಸ್ಟಾಕ್‌ನಲ್ಲಿದೆ’ ಅಂತ ಬರೆದು ಹಣ ಪಡೆಯುವುದು ನಿಮ್ಮ 2022ರ ಮತ್ತು 2023ರ ಮಾರ್ಗಸೂಚಿಗಳ ಕೆಳಗೆ ತಪ್ಪೋ, ಅಲ್ಲವೋ? ತಪ್ಪು ಅಂತಾದರೆ ಅದನ್ನು ಕಂಪನಿಗಳಿಗೆ ಬರೆದು ತಿಳಿಸಿ, ನಮಗೂ ಕನ್ನಡದಲ್ಲಿ ತಿಳಿಸಿ. ತಪ್ಪಲ್ಲ ಅಂತಾದರೆ ಅದನ್ನೂ ತಿಳಿಸಿ. ಮೇ ತಿಂಗಳ ಕೊನೆಗೆ ನಮ್ಮಲ್ಲಿ ಮತ್ತೆ ಪಂಪು ಹೊರಗೆ ತೆಗೆಯುತ್ತೇವೆ. ಅದರೊಳಗೆ ನಿಮ್ಮ ಉತ್ತರ ಬಂದರೆ ಉಪಕಾರವಾಗುತ್ತದೆ.

ಇಂತಿ,
ಶಿರಸಿ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ